ಹದಿಹರೆಯದವರಲ್ಲಿ ಸ್ವಯಂಹಾನಿ: ಮನೆಯ ಪಾತ್ರ, ಸಮಾಜದ ಪಾತ್ರ

ಪ್ರತಿವರ್ಷ ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ದಿನಗಳಲ್ಲಿ ವೃತ್ತಪತ್ರಿಕೆಗಳ ಒಳಪುಟದಲ್ಲಿ ನಾಲ್ಕೈದು ಸಾಲಿನ ಒಂದು ಸುದ್ದಿ ಕಾಣಿಸಿಕೊಳ್ಳುತ್ತದೆ. ಹುಡುಗನ ಅಥವಾ ಹುಡುಗಿಯ ವಯಸ್ಸು, ಓದುತ್ತಿದ್ದ ತರಗತಿ, ವಾಸವಾಗಿದ್ದ ಬಡಾವಣೆ; ಕೊನೆಯಲ್ಲಿ ಕಾರಣ. "ಪರೀಕ್ಷೆಯಲ್ಲಿ ಅನುತ್ತೀರ್ಣ" ಎಂದೋ, "ತಾಯಿ ಗದರಿಸಿದ್ದಕ್ಕೆ" ಎಂದೋ, "ಮೊಬೈಲ್ ಕಸಿದುಕೊಂಡದ್ದಕ್ಕೆ" ಎಂದೋ ಬರೆದಿರುತ್ತದೆ. ಓದಿದವರು "ಈಗಿನ ಮಕ್ಕಳಿಗೆ ಸಹನೆಯೇ ಇಲ್ಲ" ಎಂದು ನಿಟ್ಟುಸಿರುಬಿಟ್ಟು ಪುಟ ತಿರುಗಿಸುತ್ತಾರೆ. ಆದರೆ ಅದೇ ದಿನ, ಅದೇ ಊರಿನಲ್ಲಿ, ಸಾವಿರಾರು ಮಕ್ಕಳು ಅನುತ್ತೀರ್ಣರಾಗಿರುತ್ತಾರೆ. ಸಾವಿರಾರು ತಾಯಂದಿರು ಗದರಿಸಿರುತ್ತಾರೆ. ಆ ಮಕ್ಕಳೆಲ್ಲ ಅತ್ತು, ಮುನಿಸಿಕೊಂಡು, ರಾತ್ರಿ ಉಪವಾಸ ಮಲಗಿ, ಬೆಳಗಾದ ಮೇಲೆ ತಿಂಡಿಗೆ ಬಂದು ಕೂಡುತ್ತಾರೆ. ಒಬ್ಬನು ಮಾತ್ರ ಬರದೆ ಹೋದದ್ದೇಕೆ ಎಂಬ ಪ್ರಶ್ನೆಗೆ ಪತ್ರಿಕೆಯ ಆ ಒಂದು ಸಾಲಿನಲ್ಲಿ ಉತ್ತರವಿಲ್ಲ. ಆ ಉತ್ತರವನ್ನು ತಿಂಗಳುಗಳ, ಅನೇಕ ವೇಳೆ ವರ್ಷಗಳ ಹಿಂದೆ ಹುಡುಕಬೇಕಾಗುತ್ತದೆ.

ಇಲ್ಲಿ ಎರಡು ವಿಷಯಗಳನ್ನು ಬೇರ್ಪಡಿಸಿ ತಿಳಿದುಕೊಳ್ಳುವುದು ಅಗತ್ಯ. ಸ್ವಯಂಹಾನಿ ಎಂದರೆ ವ್ಯಕ್ತಿ ತನ್ನ ದೇಹಕ್ಕೆ ತಾನೇ ಬೇಕೆಂದು ನೋವುಂಟುಮಾಡಿಕೊಳ್ಳುವುದು. ಹಾಗೆ ಮಾಡಿಕೊಳ್ಳುವ ಎಲ್ಲರೂ ಸಾಯಬಯಸುವವರಲ್ಲ. ಹನ್ನೆರಡರಿಂದ ಹದಿನಾಲ್ಕರ ಪ್ರಾಯದಲ್ಲಿ ಹೆಚ್ಚಾಗಿ ಮೊದಲಾಗುವ ಈ ವರ್ತನೆ, ಸಹಿಸಲಾಗದ ಒಳಸಂಕಟವನ್ನು ಕ್ಷಣಕಾಲ ತಗ್ಗಿಸಿಕೊಳ್ಳುವ ಉಪಾಯವಾಗಿರುವುದುಂಟು. ಇದನ್ನು ಕಂಡ ಹಿರಿಯರು "ಇದೆಲ್ಲ ನಾಟಕ, ನಮ್ಮನ್ನು ಹೆದರಿಸಲು ಮಾಡುತ್ತಿದ್ದಾನೆ" ಎಂದುಬಿಡುತ್ತಾರೆ. ಈ ಮಾತು ತಪ್ಪಷ್ಟೇ ಅಲ್ಲ, ಅಪಾಯಕಾರಿ ಕೂಡ. ಒಮ್ಮೆ ತನ್ನನ್ನು ತಾನು ಗಾಯಗೊಳಿಸಿಕೊಂಡವರಲ್ಲಿ ಮುಂದೆ ಆತ್ಮಹತ್ಯೆಯ ಸಾಧ್ಯತೆ ಇತರರಿಗಿಂತ ಬಹಳ ಹೆಚ್ಚು ಎಂಬುದು ವೈದ್ಯಲೋಕದಲ್ಲಿ ದೃಢಪಟ್ಟ ಸಂಗತಿ. ನಾಟಕವೇ ಆದರೂ, ಇಷ್ಟು ನೋವಿನ ನಾಟಕವಾಡದೆ ಮನೆಯವರ ಗಮನ ಸೆಳೆಯಲು ಆ ಮಗುವಿಗೆ ಬೇರೆ ದಾರಿ ಏಕೆ ತೋಚಲಿಲ್ಲ ಎಂದು ಕೇಳಿಕೊಳ್ಳಬೇಕಲ್ಲವೆ?

ಅಂಕಿ ಅಂಶಗಳು ಹೇಳುವುದು

ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವರದಿಯಂತೆ 2022ನೆಯ ವರ್ಷದಲ್ಲಿ ಭಾರತದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ಅವರಲ್ಲಿ ವಿದ್ಯಾರ್ಥಿಗಳು 13,044. ರಾಜ್ಯವಾರು ಒಟ್ಟು ಸಂಖ್ಯೆಯಲ್ಲಿ ಮಹಾರಾಷ್ಟ್ರ ಮೊದಲನೆಯದು, ತಮಿಳುನಾಡು ಎರಡನೆಯದು. ಕರ್ನಾಟಕಕ್ಕೆ ನಾಲ್ಕನೆಯ ಸ್ಥಾನ. ಪೊಲೀಸರು ನಮೂದಿಸಿದ ಕಾರಣಗಳನ್ನು ನೋಡಿದರೆ, ಪತ್ರಿಕೆಗಳನ್ನು ಓದಿ ಮೂಡುವ ಅಭಿಪ್ರಾಯ ತಲೆಕೆಳಗಾಗುತ್ತದೆ. ಪರೀಕ್ಷೆಯ ಸೋಲು ಒಟ್ಟು ಮರಣಗಳಲ್ಲಿ ನೂರಕ್ಕೆ ಎರಡರಷ್ಟೂ ಇಲ್ಲ. 'ಕುಟುಂಬ ಸಮಸ್ಯೆ' ಎಂಬ ಕಾರಣವೊಂದೇ ನೂರಕ್ಕೆ ಸುಮಾರು 32ರಷ್ಟು. ಹದಿನೆಂಟು ವರ್ಷಕ್ಕಿಂತ ಕೆಳಗಿನವರ ಪಟ್ಟಿಯಲ್ಲಿಯೂ ಮೊದಲ ಸ್ಥಾನ ಕುಟುಂಬ ಸಮಸ್ಯೆಗೇ. ಇನ್ನು 'ಪ್ರೇಮ ಪ್ರಕರಣ' ಎಂಬ ಪ್ರತ್ಯೇಕ ಕಲಮಿನಡಿ ಬರೆದದ್ದರಲ್ಲಿ ಎಷ್ಟೋ ಭಾಗ, ಜಾತಿ ಬೇರೆಯೆಂದೋ ಅಂತಸ್ತು ಕಡಿಮೆಯೆಂದೋ ಮನೆಯವರು ತೋರಿದ ವಿರೋಧದ ಫಲವಾಗಿರಬಹುದು. ಅದನ್ನೂ ಕುಟುಂಬದ ಖಾತೆಗೇ ಬರೆಯಬೇಕಾದೀತು.

2012ರಲ್ಲಿ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಪ್ರಕಟವಾದ, ಇಡೀ ದೇಶವನ್ನು ಒಳಗೊಂಡ ಒಂದು ಅಧ್ಯಯನ ಇನ್ನೂ ಕಳವಳಕಾರಿ. ಆತ್ಮಹತ್ಯೆಯಿಂದ ತೀರಿಕೊಂಡ ಗಂಡಸರಲ್ಲಿ ನೂರಕ್ಕೆ ಸುಮಾರು 40 ಮಂದಿ, ಹೆಂಗಸರಲ್ಲಿ ನೂರಕ್ಕೆ ಸುಮಾರು 56 ಮಂದಿ 15ರಿಂದ 29ರ ವಯೋಮಾನದವರು ಎಂದು ಅದು ತಿಳಿಸಿತು. ದಕ್ಷಿಣದ ರಾಜ್ಯಗಳಲ್ಲಿ ಪ್ರಮಾಣ ಹೆಚ್ಚು ಎಂಬುದೂ ಅದರಲ್ಲಿ ಕಂಡುಬಂತು. ಓದುಬರಹ ಬಲ್ಲ, ಆಸ್ಪತ್ರೆಗಳಿರುವ, ಮುಂದುವರಿದ ಪ್ರಾಂತಗಳೆಂದು ಹೆಮ್ಮೆಪಡುವ ದಕ್ಷಿಣದವರು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಮಹಾನಗರವೇ ಎಲ್ಲ ಕೇಡಿನ ಮೂಲ ಎಂದು ದೂರುವವರಿಗೂ ಈ ಅಧ್ಯಯನ ಅನುಕೂಲವಾಗಿಲ್ಲ. ಆತ್ಮಹತ್ಯೆಯ ಪ್ರಮಾಣ ಪಟ್ಟಣಗಳಿಗಿಂತ ಹಳ್ಳಿಗಳಲ್ಲಿಯೇ ಅಧಿಕ ಎಂದು ಅದು ತೋರಿಸಿತು. ಆದರೂ ಪಟ್ಟಣದವರು ನಿಶ್ಚಿಂತರಾಗಿರುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, 13ರಿಂದ 17 ವರ್ಷದ ಮಕ್ಕಳಲ್ಲಿ ಮಾನಸಿಕ ತೊಂದರೆಗಳ ಪ್ರಮಾಣ ಒಟ್ಟಾರೆ ನೂರಕ್ಕೆ 7.3 ಇದ್ದರೆ, ಮಹಾನಗರಗಳಲ್ಲಿ ಅದು 13.5ರಷ್ಟಿತ್ತು.

ಮನೆಯೊಳಗಿನ ಕಾರಣಗಳು

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ದುರ್ಖೈಮ್ 1897ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದಲ್ಲಿ, ಆತ್ಮಹತ್ಯೆ ತೀರ ಖಾಸಗಿ ಕೃತ್ಯವೆಂದು ತೋರಿದರೂ ಅದರ ಪ್ರಮಾಣವನ್ನು ನಿರ್ಧರಿಸುವುದು ವ್ಯಕ್ತಿಗೂ ಸಮಾಜಕ್ಕೂ ಇರುವ ಬಂಧ ಎಂದು ವಾದಿಸಿದ. ಬಂಧ ಸಡಿಲವಾದರೂ ಕೇಡು, ಉಸಿರುಕಟ್ಟುವಷ್ಟು ಬಿಗಿಯಾದರೂ ಕೇಡು. ಭಾರತದ ಮನೆಗಳಲ್ಲಿ ಇವೆರಡೂ ಏಕಕಾಲಕ್ಕೆ ಇರಬಲ್ಲವು. ಮಗನ ಅಂಕಗಳ ಮೇಲೆ, ಮಗಳು ಹೋಗಿಬರುವ ಹೊತ್ತಿನ ಮೇಲೆ ಬಿಗಿಯಾದ ಕಣ್ಣು. ಅವರ ಮನಸ್ಸಿನಲ್ಲಿ ಏನಿದೆ ಎಂಬುದರತ್ತ ಯಾರ ಕಣ್ಣೂ ಇಲ್ಲ.

2004ರಲ್ಲಿ ಪ್ರಕಟವಾದ ನಿಮ್ಹಾನ್ಸ್ ತಜ್ಞರ ಒಂದು ಅಧ್ಯಯನ, ಬೆಂಗಳೂರಿನಲ್ಲಿ ಆತ್ಮಹತ್ಯೆ ಮಾಡಿಕೊಂಡವರ ಮನೆಗಳನ್ನು ಇತರ ಮನೆಗಳೊಡನೆ ಹೋಲಿಸಿ ನೋಡಿತು. ಹಿಂದೊಮ್ಮೆ ನಡೆದ ಯತ್ನ, ಮದ್ಯಪಾನ, ಮನೆಯೊಳಗಿನ ಹಿಂಸೆ ಇವು ಅಲ್ಲಿ ಎದ್ದುಕಂಡ ಅಂಶಗಳಲ್ಲಿ ಸೇರಿದ್ದವು. ತಂದೆ ಕುಡಿದು ಬಂದು ತಾಯಿಯ ಮೇಲೆ ಕೈಮಾಡುವ ಮನೆಯಲ್ಲಿ, ಮಗುವಿಗೆ ಒಂದು ಏಟೂ ಬೀಳದಿದ್ದರೂ, ಅದು ಪ್ರತಿಸಂಜೆ ಕರೆಗಂಟೆಯ ಸದ್ದಿಗೆ ಬೆಚ್ಚುತ್ತ ಬೆಳೆಯುತ್ತದೆ. ಭಯದಲ್ಲಿ ಬೆಳೆದ ಮನಸ್ಸು ಸಣ್ಣ ಆಘಾತವನ್ನೂ ದೊಡ್ಡದಾಗಿ ಗ್ರಹಿಸುತ್ತದೆ. ತಾಯಿಯೋ ತಂದೆಯೋ ಖಿನ್ನತೆಯಿಂದ ನರಳುತ್ತಿದ್ದು ಅದಕ್ಕೆ ಚಿಕಿತ್ಸೆ ದೊರೆಯದಿರುವುದೂ ಮಕ್ಕಳ ಮೇಲೆ ಪರಿಣಾಮ ಬೀರುತ್ತದೆ. ಕುಟುಂಬದಲ್ಲಿ ಹಿಂದೆ ಯಾರಾದರೂ ಆತ್ಮಹತ್ಯೆಯಿಂದ ತೀರಿಕೊಂಡಿದ್ದರೆ ಆ ಮನೆಯ ಕಿರಿಯರ ಬಗ್ಗೆ ಹೆಚ್ಚಿನ ಎಚ್ಚರ ಬೇಕು. ಆದರೆ ಆಗುವುದು ಇದಕ್ಕೆ ವಿರುದ್ಧ: ಚಿಕ್ಕಪ್ಪನಿಗೆ 'ಹೃದಯಾಘಾತ'ವಾಗಿತ್ತು ಎಂಬ ಕಥೆ ಹೆಣೆದು ಎಲ್ಲರೂ ಬಾಯಿ ಹೊಲಿದುಕೊಳ್ಳುತ್ತಾರೆ. ಮಕ್ಕಳಿಗೆ ನಿಜ ಹೇಗೋ ತಿಳಿಯುತ್ತದೆ. ಅದರ ಜೊತೆಗೆ, ಈ ಮನೆಯಲ್ಲಿ ಇಂಥದನ್ನು ಆಡಬಾರದು ಎಂಬ ಪಾಠವೂ ತಿಳಿಯುತ್ತದೆ.

ಇನ್ನೊಂದು ಕಾರಣವನ್ನು ಹೇಳಲು ಸಂಕೋಚವಾದರೂ ಹೇಳದೆ ನಿರ್ವಾಹವಿಲ್ಲ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ, 13 ರಾಜ್ಯಗಳ ಅಧ್ಯಯನದಲ್ಲಿ, ಪ್ರಶ್ನಿಸಲಾದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಂದಲ್ಲ ಒಂದು ರೀತಿಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದರು. ಗಂಡುಮಕ್ಕಳೂ ಇದರಿಂದ ಹೊರತಾಗಿರಲಿಲ್ಲ. ಹಾಗೆ ಮಾಡಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಪರಿಚಿತರು, ಮನೆಯವರು ನಂಬಿದ್ದವರು. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ. ಈ ಗುಟ್ಟನ್ನು ಹೊತ್ತ ಮಗು ತನ್ನ ದೇಹವನ್ನೇ ದ್ವೇಷಿಸಲು ತೊಡಗುವುದು ಅಪರೂಪವಲ್ಲ. ಹುಡುಗಿಯೊಬ್ಬಳು ಒಬ್ಬ ನೆಂಟರು ಬಂದಾಗಲೆಲ್ಲ ಕೋಣೆ ಸೇರಿಕೊಂಡರೆ, "ದೊಡ್ಡವರು ಬಂದಾಗ ಹೀಗೆ ಮಾಡಬಾರದು" ಎಂದು ಎಳೆದು ತರುವ ಮೊದಲು ಕಾರಣ ವಿಚಾರಿಸುವುದು ಒಳ್ಳೆಯದು. ತನ್ನ ಲೈಂಗಿಕ ಒಲವು ಇತರರಂತಿಲ್ಲ ಎಂದು ಅರಿತ ಮಕ್ಕಳೂ, ಹಾಸ್ಟೆಲುಗಳಲ್ಲಿ ಜಾತಿಯ ಹೆಸರಿನಲ್ಲಿ ಹೀಯಾಳಿಕೆಗೆ ಗುರಿಯಾದವರೂ ಇಂಥದೇ ಒಂಟಿತನವನ್ನು ಅನುಭವಿಸುತ್ತಾರೆ.

ಊರು ಬಿಟ್ಟು ಬಂದವರ ಮನೆ

ಹೊರನಾಡಿನ ಕನ್ನಡಿಗರ ಸಂಸಾರಗಳಲ್ಲಿ ಇದಕ್ಕೆ ಇನ್ನೊಂದು ಮುಖವುಂಟು. ಡೊಂಬಿವಲಿಯಲ್ಲೋ ಮೀರಾರೋಡಿನಲ್ಲೋ ಇರುವ ಒಂದು ಮಧ್ಯಮವರ್ಗದ ಮನೆಯನ್ನು ಊಹಿಸಿಕೊಳ್ಳಬಹುದು. ತಂದೆ ಬೆಳಗಿನ ಲೋಕಲ್ ಹಿಡಿದು ಹೊರಟರೆ ಹಿಂತಿರುಗುವುದು ರಾತ್ರಿ ಒಂಬತ್ತರ ಮೇಲೆ. ತಾಯಿಯೂ ಕೆಲಸಕ್ಕೆ ಹೋಗುವವರು. ಅಜ್ಜ ಅಜ್ಜಿ ಊರಿನಲ್ಲಿ. ಮಗ ಶಾಲೆಯಿಂದ ಕ್ಲಾಸಿಗೆ, ಕ್ಲಾಸಿನಿಂದ ಬೀಗ ಹಾಕಿದ ಮನೆಗೆ ಬರುತ್ತಾನೆ. ಒಂದೇ ಕೋಣೆ, ಅಡುಗೆಮನೆಯ ಆ ಮನೆಯಲ್ಲಿ, ಎಲ್ಲರೂ ಬಂದು ಸೇರಿದ ಮೇಲೆ ಒಬ್ಬನೇ ಕೂತು ಅಳಲೂ ಸ್ಥಳವಿಲ್ಲ. ಇಬ್ಬರೂ ತಂದೆತಾಯಿಗಳು ಒಳ್ಳೆಯವರೇ, ದುಡಿಯುತ್ತಿರುವುದು ಮಗನಿಗಾಗಿಯೇ. ಆದರೆ ಮಗ ಎರಡು ವಾರದಿಂದ ಸರಿಯಾಗಿ ನಿದ್ದೆಮಾಡಿಲ್ಲ ಎಂಬುದು ಅವರಿಗೆ ತಿಳಿಯುವ ಬಗೆ ಹೇಗೆ?

ಅವಿಭಕ್ತ ಕುಟುಂಬದಲ್ಲಿ ಇಂಥದು ಆಗುತ್ತಿರಲಿಲ್ಲ ಎನ್ನುವವರುಂಟು. ಅವಿಭಕ್ತ ಕುಟುಂಬವನ್ನು ಹೊಗಳುವವರು ಸಾಮಾನ್ಯವಾಗಿ ಅಲ್ಲಿ ಬಾಳಿದ ಸೊಸೆಯಂದಿರನ್ನು ಕೇಳಿರುವುದಿಲ್ಲ. ಆದರೂ ಅಲ್ಲಿ ಒಂದು ಸೌಲಭ್ಯವಿತ್ತು: ತಂದೆಯ ಮುಂದೆ ಆಡಲಾಗದ್ದನ್ನು ಆಡಲು ಸೋದರಮಾವನೋ ಅಜ್ಜಿಯೋ ಇದ್ದರು. ಮುಂಬಯಿಯ ಹಳೆಯ ಚಾಳುಗಳಲ್ಲಿ ಆ ಕೆಲಸವನ್ನು ಉದ್ದನೆಯ ಪಡಸಾಲೆ ಮಾಡುತ್ತಿತ್ತು. "ಯಾಕೋ ಮಗಾ, ಮುಖ ಬಾಡಿದೆ? ಊಟ ಮಾಡಿದೆಯಾ?" ಎಂದು ಕೇಳುವ ಪಕ್ಕದ ಮನೆಯ ಮಾಮಿ ಒಬ್ಬರು ಇದ್ದೇ ಇರುತ್ತಿದ್ದರು. ಇನ್ನೂ ಹಿಂದಿನ ತಲೆಮಾರಿನಲ್ಲಿ, ಹನ್ನೆರಡು ಹದಿಮೂರರ ಪ್ರಾಯದಲ್ಲಿ ದಕ್ಷಿಣ ಕನ್ನಡದಿಂದ ಬಂದು ಹಗಲು ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗೆ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಮಾಸ್ತರರು ಪಾಠ ಹೇಳಿದ್ದಷ್ಟೇ ಅಲ್ಲ. ಎಷ್ಟೋ ಹುಡುಗರಿಗೆ ಆ ಊರಿನಲ್ಲಿ ಇದ್ದ ಏಕೈಕ ಹಿರಿಯರು ಅವರೇ ಆಗಿದ್ದರು.

ಆ ಹುಡುಗರಲ್ಲಿ ಹಲವರು ಇಂದು ತಂದೆಯರು, ತಾತಂದಿರು. "ನಿನ್ನ ವಯಸ್ಸಿನಲ್ಲಿ ನಾನು ತಟ್ಟೆ ತೊಳೆದು ರಾತ್ರಿ ಶಾಲೆಯಲ್ಲಿ ಓದಿದೆ. ನಿನಗೇನು ಕಡಿಮೆಯಾಗಿದೆ?" ಎಂಬುದು ಆ ಮನೆಗಳಲ್ಲಿ ಮಕ್ಕಳು ಮತ್ತೆ ಮತ್ತೆ ಕೇಳುವ ಮಾತು. ಮಾತು ಸತ್ಯ, ಅದರ ಹಿಂದಿನ ಶ್ರಮವೂ ಗೌರವಾರ್ಹ. ಆದರೆ ಅದನ್ನು ಕೇಳಿದ ಮಗನಿಗೆ, ಇಷ್ಟೆಲ್ಲ ಸೌಕರ್ಯವಿದ್ದೂ ದುಃಖಪಡುತ್ತಿರುವ ತಾನು ಅಪ್ಪನ ತ್ಯಾಗಕ್ಕೆ ದ್ರೋಹ ಮಾಡುತ್ತಿದ್ದೇನೆ ಎನ್ನಿಸುತ್ತದೆ. ಮೊದಲಿದ್ದ ದುಃಖಕ್ಕೆ ಅಪರಾಧಭಾವನೆಯೂ ಸೇರಿ ಅವನು ಇನ್ನಷ್ಟು ಮೌನಿಯಾಗುತ್ತಾನೆ. ತಾನು ಮನೆಯವರಿಗೆ ಹೊರೆ ಎಂಬ ನಂಬಿಕೆ ಆತ್ಮಹತ್ಯೆಯ ಆಲೋಚನೆಗೆ ಬಹು ಸಮೀಪದ್ದು ಎಂದು ಮನೋವಿಜ್ಞಾನಿಗಳು ಹೇಳುತ್ತಾರೆ.

ಭಾಷೆಯ ಪ್ರಶ್ನೆಯೂ ಇದೆ. ಹೊರನಾಡಿನ ಅನೇಕ ಮಕ್ಕಳಿಗೆ ಕನ್ನಡವು ಊಟ, ಬಟ್ಟೆ, ಬೈಗುಳಗಳ ಭಾಷೆ. ಮನಸ್ಸಿನ ಒಳಗನ್ನು ಹೇಳಿಕೊಳ್ಳುವ ಭಾಷೆ ಇಂಗ್ಲಿಷ್ ಅಥವಾ ಹಿಂದಿ. ತಾಯಿಗೆ ಇದು ತಿರುಗುಮುರುಗು. ಮಗಳು "ಬೇಜಾರಾಗಿದೆ" ಎನ್ನುತ್ತಾಳೆ. ಕನ್ನಡದಲ್ಲಿ ಈ ಒಂದು ಶಬ್ದ ಹೊತ್ತು ಹೋಗದಿರುವುದಕ್ಕೂ ಸಲ್ಲುತ್ತದೆ, ಸಣ್ಣ ಅಸಮಾಧಾನಕ್ಕೂ ಸಲ್ಲುತ್ತದೆ, ಬದುಕೇ ಸಾಕಾಗಿದೆ ಎಂಬುದಕ್ಕೂ ಸಲ್ಲುತ್ತದೆ. ತಾಯಿ ಮೊದಲನೆಯ ಅರ್ಥವನ್ನು ಹಿಡಿದು "ಬೇಜಾರಾದರೆ ಸ್ವಲ್ಪ ಹೊತ್ತು ಟೀವಿ ನೋಡು" ಎನ್ನುತ್ತಾರೆ. ಹುಡುಗಿ ಮೂರನೆಯ ಅರ್ಥದಲ್ಲಿ ಆಡಿದ್ದಿರಬಹುದು. ಅವಳು ಎರಡನೆಯ ಸಲ ಹೇಳುವುದಿಲ್ಲ.

ಅಂಕಗಳು ಮತ್ತು ಸನ್ಮಾನಗಳು

ಪರೀಕ್ಷೆಯ ಪಾತ್ರ ಚಿಕ್ಕದು ಎಂದು ಮೇಲೆ ಹೇಳಿದ ಮಾತ್ರಕ್ಕೆ ಅದು ಇಲ್ಲವೆಂದಲ್ಲ. ಮೊದಲೇ ಒಣಗಿದ ಹುಲ್ಲಿಗೆ ಅದು ಕಿಡಿಯಾಗುತ್ತದೆ. ಹೊರನಾಡಿಗೆ ಬಂದ ಕುಟುಂಬಕ್ಕೆ ಊರಿನಲ್ಲಿ ಗದ್ದೆ ತೋಟಗಳ ಆಸರೆ ಉಳಿದಿರುವುದಿಲ್ಲ. ಮಕ್ಕಳ ವಿದ್ಯೆಯೇ ಆಸ್ತಿ. ಆದ್ದರಿಂದ ಹತ್ತನೆಯ, ಹನ್ನೆರಡನೆಯ ತರಗತಿಯ ಅಂಕಪಟ್ಟಿ ಇಡೀ ವಂಶದ ಅಂಕಪಟ್ಟಿಯಾಗುತ್ತದೆ. ಬೆಂಗಳೂರಿನ ಭಾವನ ಮಗ ಅಮೆರಿಕಕ್ಕೆ ಹೋದ, ಹೈದರಾಬಾದಿನ ತಂಗಿಯ ಮಗಳಿಗೆ ಮೆಡಿಕಲ್ ಸೀಟು ದೊರೆಯಿತು ಎಂಬ ಸುದ್ದಿಗಳು ಈಗ ಕಾಗದದಲ್ಲಿ ವರ್ಷಕ್ಕೊಮ್ಮೆ ಬರುವುದಿಲ್ಲ, ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೆರಡು ಬಾರಿ ಬರುತ್ತವೆ.

ಕನ್ನಡ ಸಂಘಗಳೂ ಇಲ್ಲಿ ತಮ್ಮನ್ನು ಒಮ್ಮೆ ನೋಡಿಕೊಳ್ಳಬೇಕು. ವಾರ್ಷಿಕೋತ್ಸವದ ದಿನ ನೂರಕ್ಕೆ ತೊಂಬತ್ತರ ಮೇಲೆ ಅಂಕ ಪಡೆದವರನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಪ್ರತಿಭಾ ಪುರಸ್ಕಾರ ನೀಡುವುದು ಒಳ್ಳೆಯ ಸಂಪ್ರದಾಯವೇ. ಅದೇ ಸಭಾಗೃಹದ ಹಿಂದಿನ ಸಾಲಿನಲ್ಲಿ ಐವತ್ತೆರಡು ಅಂಕ ಪಡೆದ ಹುಡುಗನೂ ಕೂತಿರುತ್ತಾನೆ, ಪಕ್ಕದಲ್ಲಿ ಅವನ ತಾಯಿ. ಚಪ್ಪಾಳೆಯ ನಡುವೆ ತಾಯಿ ಅವನತ್ತ ತಿರುಗಿ ನೋಡುವ ಆ ಒಂದು ನೋಟ ಕಾರ್ಯಕ್ರಮಪತ್ರಿಕೆಯಲ್ಲಿ ಅಚ್ಚಾಗಿರುವುದಿಲ್ಲ. ನಾಟಕದಲ್ಲಿ ಚೆನ್ನಾಗಿ ಅಭಿನಯಿಸಿದವನಿಗೆ, ಕಾಯಿಲೆಯ ಅಜ್ಜಿಯನ್ನು ನೋಡಿಕೊಂಡವಳಿಗೆ, ಒಮ್ಮೆ ಸೋತು ಮತ್ತೆ ಕೂತು ತೇರ್ಗಡೆಯಾದವನಿಗೆ ಒಂದೊಂದು ಶಾಲು ಹೊದಿಸಿದರೆ ಸಂಘದ ಬೊಕ್ಕಸ ಬರಿದಾಗಲಾರದು.

ವ್ಯವಸ್ಥೆಯನ್ನು ಬದಲಿಸಿದರೆ ಜೀವ ಉಳಿಯುತ್ತದೆ ಎಂಬ ನಂಬಿಕೆಯಿಂದ ಕೆಲವೆಡೆ ಕೆಲಸವಾಗಿದೆ. ಚೆನ್ನೈಯಲ್ಲಿ 1986ರಲ್ಲಿ ಡಾ. ಲಕ್ಷ್ಮೀ ವಿಜಯಕುಮಾರ್ ಅವರು ಸ್ಥಾಪಿಸಿದ 'ಸ್ನೇಹಾ' ಸಂಸ್ಥೆಯ ಒತ್ತಾಸೆಯ ಫಲವಾಗಿ, ಅನುತ್ತೀರ್ಣರಾದ ವಿದ್ಯಾರ್ಥಿಗಳು ಒಂದು ವರ್ಷ ಕಾಯದೆ ಅದೇ ಬೇಸಗೆಯಲ್ಲಿ ಮರುಪರೀಕ್ಷೆಗೆ ಕೂಡುವ ಏರ್ಪಾಡು ತಮಿಳುನಾಡಿನಲ್ಲಿ ಜಾರಿಗೆ ಬಂತು. ಕರ್ನಾಟಕದಲ್ಲಿಯೂ 2024ರಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ದೊರೆಯಿತು. ಬಾಗಿಲು ಒಂದೇ ಅಲ್ಲ ಎಂದು ಮಗುವಿಗೆ ಮೊದಲೇ ತಿಳಿದಿದ್ದರೆ ಫಲಿತಾಂಶದ ದಿನದ ಭಾರ ಎಷ್ಟೋ ಹಗುರವಾಗುತ್ತದೆ.

ಕೇಳಬೇಕಾದ ಪ್ರಶ್ನೆ

ಹದಿಹರೆಯದಲ್ಲಿ ಸಿಡುಕು, ಮೌನ, ಕೋಣೆಯ ಬಾಗಿಲು ಹಾಕಿಕೊಳ್ಳುವುದು ಇವೆಲ್ಲ ಇದ್ದದ್ದೇ. ಎಚ್ಚರ ವಹಿಸಬೇಕಾದದ್ದು ಬದಲಾವಣೆಯ ಬಗ್ಗೆ. ಊಟ ನಿದ್ದೆಗಳು ವಾರಗಟ್ಟಲೆ ಕೆಡುವುದು, ಪ್ರೀತಿಯ ಆಟವನ್ನೋ ಹಾಡನ್ನೋ ಬಿಟ್ಟುಬಿಡುವುದು, ಗೆಳೆಯರಿಂದ ದೂರವಾಗುವುದು, ಬೇಸಗೆಯಲ್ಲೂ ಮೈಮುಚ್ಚುವ ಬಟ್ಟೆಯನ್ನೇ ತೊಡುವುದು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, "ನಾನಿಲ್ಲದಿದ್ದರೆ ನಿಮಗೆಲ್ಲ ಸುಖ" ಎಂಬಂಥ ಮಾತು. ಬಹಳ ದಿನ ಕುಗ್ಗಿದ್ದ ಮಗು ಕಾರಣವಿಲ್ಲದೆ ಇದ್ದಕ್ಕಿದ್ದಂತೆ ಶಾಂತವಾಗಿಬಿಟ್ಟರೂ ಸಮಾಧಾನಪಟ್ಟುಕೊಂಡು ಸುಮ್ಮನಿರಬಾರದು.

ಆತ್ಮಹತ್ಯೆಯ ಮಾತೆತ್ತಿದರೆ ಇಲ್ಲದ ಯೋಚನೆಯನ್ನು ತಲೆಯಲ್ಲಿ ಬಿತ್ತಿದಂತಾಗುತ್ತದೆ ಎಂಬ ಭಯ ಬಹು ಮಂದಿಗಿದೆ. ಇದು ತಪ್ಪು ತಿಳಿವಳಿಕೆ. ನೇರವಾಗಿ, ಮೆದುವಾಗಿ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ. ಒಳಗೊಳಗೇ ಬೇಯುತ್ತಿದ್ದವರಿಗೆ ಅದರಿಂದ ಬಿಡುಗಡೆಯೇ ಆಗುತ್ತದೆ. "ಬೇಜಾರಾ?" ಎಂದು ಕೇಳಿದರೆ ಸಾಲದು. "ಬದುಕೋದೇ ಬೇಡ ಅನ್ನಿಸ್ತಿದೆಯೇನಮ್ಮಾ?" ಎಂದೇ ಕೇಳಬೇಕು. ಮಗು ಹೌದೆಂದರೆ ಉಪದೇಶ, ಗದರಿಕೆ, ದೇವರ ಮೇಲಿನ ಆಣೆ ಇವೊಂದೂ ಬೇಡ. ಅದರ ಮಾತನ್ನು ಕೊನೆತನಕ ಕೇಳಿ, ಒಂಟಿಯಾಗಿ ಬಿಡದೆ, ಹಾನಿ ಮಾಡಿಕೊಳ್ಳಬಲ್ಲ ವಸ್ತುಗಳನ್ನೂ ಮನೆಯಲ್ಲಿರುವ ಔಷಧಗಳನ್ನೂ ಕೈಗೆಟುಕದಂತೆ ಬೀಗದಲ್ಲಿಟ್ಟು, ಅಂದೇ ವೈದ್ಯರನ್ನು ಕಾಣಬೇಕು. ತೀವ್ರ ಪ್ರಚೋದನೆಯ ಗಳಿಗೆ ಹೆಚ್ಚಾಗಿ ಅಲ್ಪಕಾಲದ್ದು. ಆ ಗಳಿಗೆಯನ್ನು ದಾಟಿಸಿದರೆ ಚಿಕಿತ್ಸೆಗೆ ಅವಕಾಶ ದೊರೆಯುತ್ತದೆ. ಯತ್ನ ಮಾಡಿ ಬದುಕುಳಿದವರಲ್ಲಿ ಬಹುಪಾಲು ಜನ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ ಎಂಬುದನ್ನು ಮನೆಯವರು ಅರಿತಿರಬೇಕು.

ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗಲು ಹಿಂಜರಿಯುವವರು ಇಂದಿಗೂ ಇದ್ದಾರೆ. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು, ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಮನೋವ್ಯಥೆಗೆ ಒಳಗಾದವರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ ಎಂದು ವಿಧಿಸಿತು. ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡಸಂಹಿತೆಯ 309ನೆಯ ಕಲಮು, 2024ರ ಜುಲೈ 1ರಂದು ಹೊಸ ನ್ಯಾಯಸಂಹಿತೆ ಬಂದಾಗ ಬಿಟ್ಟುಹೋಯಿತು. ಮುಂಬಯಿಯ ಕೆ.ಇ.ಎಂ., ಸಾಯನ್, ನಾಯರ್ ಮುಂತಾದ ಪಾಲಿಕೆಯ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಇತರ ಮಹಾನಗರಗಳ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಇವೆ.

ವೈದ್ಯರಲ್ಲಿಗೆ ಹೋಗುವ ಮೊದಲು ಯಾರೊಡನಾದರೂ ಮಾತನಾಡಬೇಕೆನಿಸಿದವರಿಗೆ, ಮಕ್ಕಳ ಬಗ್ಗೆ ಚಿಂತೆಗೊಳಗಾದ ತಂದೆತಾಯಂದಿರಿಗೂ, ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ 'ಟೆಲಿ ಮಾನಸ್' ದೂರವಾಣಿ ಸೇವೆ ಇದೆ. ಸಂಖ್ಯೆ 14416, ಶುಲ್ಕವಿಲ್ಲ, ಹಗಲು ರಾತ್ರಿ ಎರಡೂ ಹೊತ್ತು ದೊರೆಯುತ್ತದೆ. ದೌರ್ಜನ್ಯಕ್ಕೊಳಗಾದ ಮಕ್ಕಳು 1098ಕ್ಕೆ ಕರೆಮಾಡಬಹುದು. 14416ಕ್ಕೆ ಕರೆ ಮಾಡಿದವರು ಮುಂಬಯಿ, ಪುಣೆ, ದೆಹಲಿ ಎಲ್ಲಿಯೇ ಇರಲಿ, ತಮಗೆ ಬೇಕಾದ ಭಾಷೆಯನ್ನು ಆರಿಸಿಕೊಳ್ಳಬಹುದು. ಆ ಭಾಷೆಗಳಲ್ಲಿ ಕನ್ನಡವೂ ಒಂದು.